ಸೆಂಟ್‌ಓಎಸ್ 7ರಲ್ಲಿ ಪೈಥಾನ್ 3.11: ಸಿಸ್ಟಮ್ ಲೈಬ್ರರಿ ಮುಟ್ಟದೆ ಬಿಲ್ಡ್ ಮಾಡಿದ ಬಗೆ

ಓಎಸ್ ಬದಲಾಯಿಸದೆ ಹಳೆ ಲಿನಕ್ಸ್ ಆದ ಸೆಂಟ್‌ಓಎಸ್ 7ರಲ್ಲಿ ಪೈಥಾನ್ 3.11 ಓಡಿಸೋದು ಆಗುವ ಮಾತೇ ಅಲ್ಲ ಅಂದವರೇ ಹೆಚ್ಚು. ಆಗಿದೆ, ಐದಾರು ಸರ್ವರ್‌ಗಳಲ್ಲಿ ಓಡುತ್ತಲೂ ಇದೆ. ಹೊರಜಾಲಕ್ಕೆ ತೆರೆದುಕೊಳ್ಳದ ಸರ್ವರ್‌ಗಳು ಅನ್ನೋದು ನೆನಪಿರಲಿ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿದೆ.

ಓಎಸ್ ಬದಲಾಯಿಸಿದರೆ ಅದರ ಮೇಲಿನ ಹಳೆ ಸಾಫ್ಟ್‌ವೇರ್‌ಗೆ ಹೊಸ ಲೈಸೆನ್ಸ್ ಬೇಕು, ಅದೇ ಎರಡು ಲಕ್ಷ ದಾಟುತ್ತಿತ್ತು. ಈ ದಾರಿಗೆ ಬಿದ್ದ ಖರ್ಚು ನಾಲ್ಕು ಕೋರ್‌ನ ಬಾಡಿಗೆ ವಿಎಂ (ವರ್ಚುವಲ್ ಮಷೀನ್) ಒಂದೇ: ಗಂಟೆಗೆ ಹತ್ತು-ಹದಿನೈದು ರೂಪಾಯಿ, ಒಟ್ಟು ಸಾವಿರವೂ ಮುಟ್ಟಲಿಲ್ಲ. ಕೂಲಿ ಲೆಕ್ಕ ಹಿಡಿದಿಲ್ಲ.

ಸೆಂಟ್‌ಓಎಸ್ 7ರಲ್ಲಿರೋದು ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಮ್‌ಗಳು ನೆಚ್ಚಿಕೊಂಡ ಮೂಲ ಸಿ ಲೈಬ್ರರಿ) 2.17, ಜಿಸಿಸಿ (ಕಂಪೈಲರ್) 4.8.5, ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಶನ್ ಲೈಬ್ರರಿ) 1.0.2. ಪೈಥಾನ್ 3.10ರಿಂದ ಈಚೆಗೆ ಓಪನ್‌ಎಸ್‌ಎಸ್‌ಎಲ್ ಕನಿಷ್ಠ 1.1.1 ಇರಲೇಬೇಕು. ಇಲ್ಲದಿದ್ದರೂ ಬಿಲ್ಡ್ ನಿಲ್ಲುವುದಿಲ್ಲ, ಅದನ್ನು ನೆಚ್ಚಿಕೊಂಡ ಎಸ್‌ಎಸ್‌ಎಲ್, ಹ್ಯಾಶ್‌ಲಿಬ್ ಮಾಡ್ಯೂಲ್‌ಗಳನ್ನು ಬಿಟ್ಟು ಮುಗಿಯುತ್ತದೆ. ಆಮೇಲೆ ಪಿಪ್ (ಪೈಥಾನ್ ಪ್ಯಾಕೇಜ್ ತರುವ ಸಾಧನ) ಯಾವ ಪ್ಯಾಕೇಜನ್ನೂ ತರುವುದಿಲ್ಲ.

ಮೊದಲ ಕೆಲಸ ಯಮ್, ಅಂದರೆ ಓಎಸ್‌ಗೆ ಪ್ಯಾಕೇಜ್ ಇಳಿಸುವ ಸಾಧನ. ಅದು ಡೌನ್‌ಲೋಡ್ ವಿಳಾಸ ಕೇಳುತ್ತಿದ್ದ ಮಿರರ್‌ಲಿಸ್ಟ್ ಸರ್ವರ್ ಈಗಿಲ್ಲ. ರೆಪೊ ಫೈಲ್‌ಗಳಲ್ಲಿ ಸೆಡ್ ಆಜ್ಞೆಯಿಂದ ಮಿರರ್‌ಲಿಸ್ಟ್ ಸಾಲಿಗೆ ಕಾಮೆಂಟ್ ಹಾಕಿ, ಬೇಸ್‌ಯುಆರ್‌ಎಲ್ ಅನ್ನು ವಾಲ್ಟ್‌ಗೆ (ಹಳೆ ಪ್ಯಾಕೇಜ್‌ಗಳ ಸಂಗ್ರಹ ಸರ್ವರ್) ತಿರುಗಿಸಬೇಕು. ಎಸ್‌ಸಿಎಲ್ (ಹೊಸ ಕಂಪೈಲರ್ ಮುಂತಾದವುಗಳ ಹೆಚ್ಚುವರಿ ಸಂಗ್ರಹ) ರಿಲೀಸ್ ಪ್ಯಾಕೇಜ್ ಹಾಕಿದೊಡನೆ ಅದು ಇನ್ನೆರಡು ರೆಪೊ ಫೈಲ್ ಇಳಿಸುತ್ತದೆ, ಅವುಗಳಲ್ಲೂ ಅದೇ ಸತ್ತ ವಿಳಾಸ. ಸೆಡ್ ಇನ್ನೊಮ್ಮೆ ಓಡಿಸಿ. ಬಹಳ ಜನ ಕೈಚೆಲ್ಲೋದು ಇಲ್ಲೇ.

ನಂತರ ಡೆವ್‌ಟೂಲ್‌ಸೆಟ್-11, ಅಂದರೆ ಎಸ್‌ಸಿಎಲ್ ಕೊಡುವ ಜಿಸಿಸಿ 11. ಎನೇಬಲ್ ಮಾಡಿದ ಶೆಲ್‌ನಲ್ಲಷ್ಟೇ ಅದು ಜೀವಂತ, ಹೊಸ ಟರ್ಮಿನಲ್ ತೆರೆದರೆ ಮತ್ತೆ 4.8.5. ಹಳೆ ಕಂಪೈಲರ್‌ನಲ್ಲಿ ಅರ್ಧ ಓಡಿದ ಫೋಲ್ಡರ್ ಇದ್ದರೆ ಮೇಕ್ ಡಿಸ್ಟ್‌ಕ್ಲೀನ್ ನೆಚ್ಚಿಕೊಳ್ಳದೆ ಸೋರ್ಸ್‌ನ ಟಾರ್ ಮತ್ತೆ ಬಿಚ್ಚಿಕೊಳ್ಳಿ. ಆಪ್ಟಿಮೈಸೇಶನ್ ಫ್ಲ್ಯಾಗ್ ಹಾಕಿದಾಗ 'ರನ್‌ಪೈ ಮಾಡ್ಯೂಲ್ ಇಂಪೋರ್ಟ್ ಆಗಲಿಲ್ಲ' ಅಂತ ಬಿದ್ದರೆ ಕೋಡ್ ಹುಡುಕಬೇಡಿ, ಹಳೆ ಜಿಸಿಸಿಯೇ ಕಾರಣ. ಆ ಫ್ಲ್ಯಾಗ್ ಇಲ್ಲದಿದ್ದರೆ ಬಿಲ್ಡ್‌ಗೆ ನಾಲ್ಕೈದು ನಿಮಿಷ, ಇದ್ದರೆ ಇಪ್ಪತ್ತರ ಮೇಲೆ.

ನಿಜವಾದ ಗಂಟು, ಪೈಥಾನ್‌ಗೂ ಮೊದಲು ಕಟ್ಟಿಕೊಳ್ಳಬೇಕಾದ ಓಪನ್‌ಎಸ್‌ಎಸ್‌ಎಲ್ 3ರದ್ದು. ಕಾನ್ಫಿಗರ್ ಓಡಿಸಿದೊಡನೆ ಪರ್ಲ್ ಐಪಿಸಿ-ಸಿಎಂಡಿ ಸಿಗುತ್ತಿಲ್ಲ ಅನ್ನುತ್ತದೆ. ಆ ಪ್ಯಾಕೇಜ್ ಯಮ್‌ನಲ್ಲೇ ಇದೆ. ಪ್ರಿಫಿಕ್ಸ್ ಅನ್ನು (ಇನ್‌ಸ್ಟಾಲ್ ಆಗುವ ಜಾಗ) ಆಪ್ಟ್ ಫೋಲ್ಡರ್ ಕೆಳಗೆ ಕೊಡಿ, ಜೊತೆಗೆ ಲಿಬ್‌ಡಿರ್ ಅನ್ನು 'ಲಿಬ್' ಅಂತ ಬಿಡಿಸಿ ಹೇಳಿ. ಹೇಳದಿದ್ದರೆ 64 ಬಿಟ್ ಮಷೀನ್‌ನಲ್ಲಿ ಫೈಲ್‌ಗಳು 'ಲಿಬ್64'ಕ್ಕೆ ಹೋಗಿ ಕೂರುತ್ತವೆ, ಪೈಥಾನ್ ಕಾನ್ಫಿಗರ್ 'ಲಿಬ್' ಒಳಗಷ್ಟೇ ನೋಡಿ ಓಪನ್‌ಎಸ್‌ಎಸ್‌ಎಲ್ ಇಲ್ಲ ಅಂತ ಮುಂದೆ ಹೋಗುತ್ತದೆ. ಕಾನ್ಫಿಗ್ ಲಾಗ್ ತೆರೆದು 'ಎಲ್‌ಎಸ್‌ಎಸ್‌ಎಲ್ ಸಿಗಲಿಲ್ಲ' ಅನ್ನೋ ಸಾಲು ಕಂಡರೆ ಇದೇ ರೋಗ.

ಪೈಥಾನ್ ಕಾನ್ಫಿಗರ್‌ಗೆ ಕೊಡಬೇಕಾದ್ದು ಎರಡು: ವಿತ್-ಓಪನ್‌ಎಸ್‌ಎಸ್‌ಎಲ್‌ಗೆ ಆ ಪ್ರಿಫಿಕ್ಸ್, ವಿತ್-ಓಪನ್‌ಎಸ್‌ಎಸ್‌ಎಲ್-ಆರ್‌ಪಾತ್‌ಗೆ 'ಆಟೋ'. ಆರ್‌ಪಾತ್ ಅಂದರೆ ಲೈಬ್ರರಿ ಹುಡುಕುವ ದಾರಿಯನ್ನು ಫೈಲ್‌ನೊಳಗೇ ಬರೆದಿಡೋದು. ಈ ಆರ್‌ಪಾತ್ ಬಿಟ್ಟರೆ ಎಸ್‌ಎಸ್‌ಎಲ್, ಹ್ಯಾಶ್‌ಲಿಬ್ ಮಾಡ್ಯೂಲ್‌ಗಳು ಕಂಪೈಲ್ ಆಗುತ್ತವೆ, ಇಂಪೋರ್ಟ್ ಆಗಲಿಲ್ಲ ಅಂತ ಕೊನೆಗೆ ಮೇಕ್‌ ತಾನೇ ಅವನ್ನು ತೆಗೆದುಹಾಕುತ್ತದೆ. ಮುಗಿದ ಮೇಲೆ ಎಸ್‌ಎಸ್‌ಎಲ್‌ನ ಎಸ್‌ಓ ಫೈಲ್ ಮೇಲೆ ಎಲ್‌ಡಿಡಿ (ಯಾವ ಲೈಬ್ರರಿ ಎಲ್ಲಿಂದ ಬರುತ್ತದೆ ಎಂದು ತೋರಿಸುವ ಆಜ್ಞೆ) ಓಡಿಸಿ. ಆಪ್ಟ್ ದಾರಿ ಕಾಣಬೇಕು. ಎಲ್‌ಡಿ ಲೈಬ್ರರಿ ಪಾತ್ ಹಾಕಿ ಸರಿಮಾಡಿಕೊಳ್ಳೋದು ಸೋಮಾರಿಗಳ ದಾರಿ, ಅದೇ ಶೆಲ್‌ನ ಬೇರೆ ಪ್ರೋಗ್ರಾಮ್‌ಗಳಿಗೂ ಅದು ಅಂಟಿಕೊಳ್ಳುತ್ತದೆ.

ಇನ್ನೂ ಹೊಸ ಲಿನಕ್ಸ್ ಆದ ರಾಕಿ 8ರ ಕಂಟೈನರ್‌ನಲ್ಲಿ ಪೈಥಾನ್ ಕಟ್ಟಿ ಇಲ್ಲಿಗೆ ತಂದೂ ನೋಡಿದ್ದಾಯಿತು. 'ಜಿಲಿಬ್‌ಸಿ 2.28 ಸಿಗಲಿಲ್ಲ' ಎಂದು ಮೊದಲ ಹೆಜ್ಜೆಯಲ್ಲೇ ನಿಂತಿತು. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ, ತಿರುಗುಮುರುಗು ನಡೆಯದು. ಹಾಗೆಂದು ಸಿಸ್ಟಮ್ ಜಿಲಿಬ್‌ಸಿಯ ಸಿಮ್‌ಲಿಂಕ್ ತಿರುಗಿಸಲು ಹೋಗಬೇಡಿ, ಎಲ್‌ಎಸ್‌ನಂಥ ಸಣ್ಣ ಆಜ್ಞೆ ಕೂಡ ಓಡದು. ಹಾಗೇನಾದರೂ ಆದರೆ ಇರುವ ಟರ್ಮಿನಲ್ ಮುಚ್ಚದೆ ಲಿಂಕ್ ಹಿಂದಿನಂತೆ ಮಾಡಲು ಎಸ್‌ಎಲ್‌ಎನ್ ಆಜ್ಞೆ ಬಳಸಿ, ಅದು ಸ್ಟ್ಯಾಟಿಕ್, ಸಿಸ್ಟಮ್ ಜಿಲಿಬ್‌ಸಿ ಬೇಡದೆ ಓಡುತ್ತದೆ.

ನೋಡ್ 18ಕ್ಕೂ (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಜಿಲಿಬ್‌ಸಿ 2.28 ಬೇಕು. ಅದಕ್ಕಾಗಿ ಜಿಲಿಬ್‌ಸಿಯನ್ನೇ ಆಪ್ಟ್‌ನಲ್ಲಿ ಕಟ್ಟಿ, ಪ್ಯಾಚ್‌ಎಲ್ಫ್‌ನಿಂದ ನೋಡ್ ಫೈಲ್‌ನ ಇಂಟರ್‌ಪ್ರಿಟರ್ (ಲೈಬ್ರರಿ ಲೋಡರ್) ಬದಲಿಸಿದೆ. ಮೇಕ್, ಬೈಸನ್, ಕಂಪೈಲರ್ ಇಲ್ಲ ಅಥವಾ ಹಳತು ಅಂತ ಕಾನ್ಫಿಗರ್ ತಕರಾರು ತೆಗೆಯುತ್ತದೆ. ದಾಟಿದರೆ ಓಡುತ್ತದೆ, ಆದರೆ ಹೊಸ ಲೋಡರ್ ಸಿಸ್ಟಮ್‌ನ ಲೈಬ್ರರಿ ಕ್ಯಾಶೆ ನೋಡುವುದಿಲ್ಲ. ಬೇಕಾದ ಪ್ರತಿ ಲೈಬ್ರರಿಯ ದಾರಿಯನ್ನೂ ಆರ್‌ಪಾತ್‌ನಲ್ಲಿ ಬರೆಯಬೇಕು. ಪ್ರಯೋಗಕ್ಕೆ ಸರಿ, ಪ್ರೊಡಕ್ಷನ್‌ಗೆ ನಾನಂತೂ ಹಾಕಿಲ್ಲ.

ವೀಲ್‌ಗಳ (ಮೊದಲೇ ಕಂಪೈಲ್ ಆಗಿ ಬರುವ ಪೈಥಾನ್ ಪ್ಯಾಕೇಜ್) ವಿಷಯ: ಹೆಸರಲ್ಲಿ ಮೆನಿಲಿನಕ್ಸ್2014 ಇದ್ದರೆ 2.17ಕ್ಕೆ ಸರಿ, 2_28 ಅಂತಿದ್ದರೆ ಇಲ್ಲ. ಆಗ ಪಿಪ್ ಸೋರ್ಸ್ ತಂದು ತಾನೇ ಕಟ್ಟಲು ಕೂರುತ್ತದೆ. ಓನ್ಲಿ-ಬೈನರಿ ಹಾಕಿಟ್ಟರೆ ಸೋರ್ಸ್ ಮುಟ್ಟುವುದಿಲ್ಲ, ಹೊಂದುವ ವೀಲ್ ಇರುವ ಹಳೆ ವರ್ಶನ್ ಹಿಡಿಯುತ್ತದೆ, ಅದೂ ಸಿಗದಿದ್ದರೆ ಎರರ್ ಕೊಡುತ್ತದೆ. ಹಳೆ ವರ್ಶನ್ ಪಿನ್ ಮಾಡಬಹುದು. ಸಿ++ ಸೋರ್ಸ್ ಕಟ್ಟಲೇಬೇಕಾಗಿ ಬಂದು, ಲಿಂಕ್ ಹೊತ್ತಲ್ಲಿ 'ಸಿಎಕ್ಸ್‌ಎಕ್ಸ್11' ಹೆಸರಿನ ಸಿಂಬಲ್ ಇಲ್ಲ ಅಂದರೆ, ಈ ಡೆವ್‌ಟೂಲ್‌ಸೆಟ್ ಹಳೆ ಎಬಿಐಯನ್ನಷ್ಟೇ (ಕಂಪೈಲ್ ಆದ ಕೋಡ್‌ಗಳು ಒಂದಕ್ಕೊಂದು ಹೊಂದುವ ನಿಯಮ) ಕೊಡುತ್ತದೆ ಅನ್ನೋದು ಕಾರಣ. ಫ್ಲ್ಯಾಗ್ ಬದಲಿಸಿ ಪ್ರಯೋಜನವಿಲ್ಲ, ಆ ಲೈಬ್ರರಿಯನ್ನೂ ಇದೇ ಕಂಪೈಲರ್‌ನಲ್ಲಿ ಕಟ್ಟಿ.

ಉಳಿದ ಸರ್ವರ್‌ಗಳಿಗೆ ಆಪ್ಟ್ ಫೋಲ್ಡರ್‌ ಅನ್ನೇ ಟಾರ್ ಮಾಡಿ ಅದೇ ದಾರಿಯಲ್ಲಿ ಬಿಚ್ಚಿದರೆ ಮುಗಿಯಿತು. ಮುನ್ನೂರು ಎಂಬಿ ಹತ್ತಿರ ಇದ್ದದ್ದನ್ನು ಎಂಬತ್ತರ ಆಸುಪಾಸಿಗೆ ಇಳಿಸಿದ್ದು ಹೇಗೆ ಅನ್ನೋದು ಸದ್ಯ ನನ್ನಲ್ಲೇ ಇರಲಿ. ಟೆಸ್ಟ್ ಫೋಲ್ಡರ್‌ನಿಂದ ಶುರುಮಾಡಿ, ಇಷ್ಟು ಸುಳಿವು ಸಾಕು. ಪೈಥಾನ್ 3.13 ಬೇಕೆನ್ನುವವರು ಎಸ್‌ಕ್ಯೂಲೈಟ್ (ಡೇಟಾಬೇಸ್ ಲೈಬ್ರರಿ) ಅನ್ನೂ ಆಪ್ಟ್‌ನಲ್ಲಿ ಕಟ್ಟಿಕೊಳ್ಳಬೇಕು: ಅದು ಕೇಳೋದು 3.15.2, ಸೆಂಟ್‌ಓಎಸ್ 7ರಲ್ಲಿರೋದು 3.7.17.