ನಾಡಿ ಹಿಡಿದು ನಡೆದದ್ದು

ವ್ಯಾಯಾಮ ಶುರು ಮಾಡುವವರೆಲ್ಲ ಮೊದಲು ಕೇಳುವುದು ‘ಎಷ್ಟು ಹೊತ್ತು ಮಾಡಬೇಕು’ ಅಂತ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲಿ ಉತ್ತರ ಇದೆ: ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ತೀವ್ರ ಶ್ರಮ. ನಿಮಿಷ ಹೊಂದಿಸಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ನನ್ನ ಮೈಗೆ ಮಧ್ಯಮ ಎಷ್ಟು ಅಂತ ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸವಾಯಿತು.

ಬೆಳಿಗ್ಗೆ ಎಚ್ಚರವಾದ ಮೇಲೆ, ಹಾಸಿಗೆಯಿಂದ ಏಳುವ ಮುಂಚೆ ನಾಡಿ ಎಣಿಸಿದೆ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆಗೆ ತೋರುಬೆರಳು, ನಡುಬೆರಳು ಹಗುರವಾಗಿ ಇಟ್ಟರೆ ಸಾಕು. ಹೆಬ್ಬೆರಳಿನಿಂದ ಹಿಡಿಯಬಾರದು, ಅದರದ್ದೇ ಮಿಡಿತ ಲೆಕ್ಕಕ್ಕೆ ಬಂದುಬಿಡುತ್ತದೆ. ನಿಮಿಷಕ್ಕೆ 72 ಇತ್ತು. ವಯಸ್ಸು 46. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ 174. ಅದರಿಂದ 72 ಕಳೆದರೆ ಉಳಿಯುವ 102 ನನ್ನ ಹೃದಯದ ಮೀಸಲು. ಕಾರ್ವೊನೆನ್ ಎಂಬ ಲೆಕ್ಕದ ವಿಧಾನದಲ್ಲಿ ಮಧ್ಯಮ ಶ್ರಮಕ್ಕೆ ಈ ಮೀಸಲಿನ ಶೇ. 40ರಿಂದ 60ರಷ್ಟನ್ನು 72ಕ್ಕೆ ಕೂಡಿಸಬೇಕು. ಅಂದರೆ 113ರಿಂದ 133.

ಆದರೆ ಆ 220ರ ಸೂತ್ರ ಬರೀ ಸರಾಸರಿ. ಒಂದೇ ವಯಸ್ಸಿನವರ ಗರಿಷ್ಠ ಬಡಿತದಲ್ಲಿ ಹತ್ತಿಪ್ಪತ್ತರ ವ್ಯತ್ಯಾಸ ಮಾಮೂಲು. ಹಾಗಾಗಿ ಅಂಕಿಯ ಜೊತೆ ಮಾತಿನ ಪರೀಕ್ಷೆಯನ್ನೂ ಇಟ್ಟುಕೊಂಡೆ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ತೀವ್ರಕ್ಕೆ ಹೋದೆವು ಅಂತ. ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗಂತೂ ನಾಡಿಯ ಲೆಕ್ಕ ಹೊಂದುವುದೇ ಇಲ್ಲ, ಬಡಿತ ಏರದಂತೆ ಔಷಧಿಯೇ ತಡೆದಿರುತ್ತದೆ. ಅವರು ವೈದ್ಯರನ್ನು ಕೇಳಿ, ಮಾತನ್ನೇ ನೆಚ್ಚಿಕೊಳ್ಳುವುದು ಮೇಲು.

ಓಟಕ್ಕೆ ಇಳಿದಾಗ ಮೊದಲ ಎರಡು ಮೂರು ನಿಮಿಷ ವಿಪರೀತ ಏದುಸಿರು, ಆಮೇಲೆ ಅದೇ ವೇಗದಲ್ಲೂ ಹಾಯೆನಿಸುತ್ತಿತ್ತು. ಸ್ನಾಯುವಿಗೆ ಶಕ್ತಿ ಆ ಕ್ಷಣವೇ ಬೇಕು. ಉಸಿರು, ರಕ್ತಸಂಚಾರ ಆ ಬೇಡಿಕೆಗೆ ಏರಲು ಸಮಯ ಹಿಡಿಯುತ್ತದೆ. ಅಷ್ಟರವರೆಗೆ ಸ್ನಾಯುವಿನಲ್ಲೇ ಇರುವ, ತಕ್ಷಣ ಶಕ್ತಿ ಕೊಡುವ ಕ್ರಿಯೇಟಿನ್ ಫಾಸ್ಫೇಟ್ ಮತ್ತು ಆಮ್ಲಜನಕವಿಲ್ಲದೆಯೇ ಒಡೆಯುವ ಗ್ಲೈಕೋಜೆನ್ (ಸ್ನಾಯು ಕೂಡಿಟ್ಟ ಸಕ್ಕರೆ) ಆ ಕೊರತೆಯನ್ನು ತುಂಬುತ್ತವೆ. ಇದು ತಿಳಿದ ಮೇಲೆ ಐದು ನಿಮಿಷ ನಡೆದೇ ಓಡುತ್ತೇನೆ.

ಮೆಟ್ಟಿಲು ಹತ್ತಿಳಿದ ಮರುದಿನ ತೊಡೆ ಹಿಡಿದುಕೊಂಡಾಗ ಜೊತೆಗಾರರೊಬ್ಬರು ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ’ ಅಂದರು. ಹೋದ ಕಡೆಯಲ್ಲೆಲ್ಲ ಕೇಳಿಬರುವ ಮಾತಿದು! ಆದರೆ ದಣಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ಮೈಯಲ್ಲಿ ಇರುವ ರೂಪ) ಸುಮಾರು ಒಂದು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನದ ನೋವಿಗೆ ಕಾರಣ ಸ್ನಾಯು ಎಳೆಗಳಲ್ಲಾಗುವ ಸೂಕ್ಷ್ಮ ಹಾನಿ, ಅದರ ಹಿಂದೆಯೇ ಬರುವ ಉರಿಯೂತ. ಹತ್ತುವುದಕ್ಕಿಂತ ಇಳಿಯುವಾಗಲೇ ಇದು ಹೆಚ್ಚು, ಏಕೆಂದರೆ ಆಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಒಂದೆರಡು ದಿನಕ್ಕೆ ನೋವು ಹೆಚ್ಚಿ ತಾನಾಗಿಯೇ ತಗ್ಗುತ್ತದೆ. ಆ ದಿನಗಳಲ್ಲಿ ನಾನು ಸಮತಟ್ಟು ನೆಲದಲ್ಲಿ ನಿಧಾನ ನಡೆಯುತ್ತೇನೆ ಅಷ್ಟೆ.

ಕೆಲವು ತಿಂಗಳಲ್ಲಿ ಬೆಳಗಿನ ನಾಡಿ 64ಕ್ಕೆ ಬಂತು. ಪ್ರತಿ ಬಡಿತಕ್ಕೂ ಹೃದಯ ಹೆಚ್ಚು ರಕ್ತ ದೂಡತೊಡಗಿದರೆ ಕಡಿಮೆ ಬಡಿತದಲ್ಲೇ ಕೆಲಸ ಸಾಗುತ್ತದೆ. ಆದ್ದರಿಂದ ಲೆಕ್ಕವನ್ನೂ ಹೊಸದಾಗಿ ಹಾಕಬೇಕಾಯಿತು: ಈಗ 108ರಿಂದ 130. ಸೆಕೆ ಇರುವ ದಿನ ಮಾಮೂಲಿ ವೇಗಕ್ಕೇ ನಾಡಿ 130 ದಾಟುತ್ತದೆ, ಮೈ ತಣಿಸಲು ಚರ್ಮಕ್ಕೂ ರಕ್ತ ಹೋಗಬೇಕಲ್ಲ. ಅಂಥ ದಿನ ವೇಗ ತಗ್ಗಿಸುತ್ತೇನೆ, ನಿಮಿಷಗಳನ್ನಲ್ಲ.