ಪಿಂಚಣಿ ಇಲ್ಲದವನು ತನಗೆ ತಾನೇ ಸಂಬಳ ಕೊಟ್ಟುಕೊಂಡ ಲೆಕ್ಕ

ಖಾಸಗಿ ಕಂಪನಿಯ ನೌಕರಿ ನನ್ನದು. 2018ರ ಕೊನೆಗೆ, ಐವತ್ತಾರರ ಆಸುಪಾಸಿನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಇಪಿಎಸ್‌ನಿಂದ (ನೌಕರರ ಪಿಂಚಣಿ ಯೋಜನೆ) ಬರುವುದು ಫೋನು, ಗ್ಯಾಸಿನ ಬಿಲ್ಲಿಗೆ ಸರಿಹೋಗುತ್ತದೆ, ಅಷ್ಟೆ. ಇಡುಗಂಟು ಆಗ ಸುಮಾರು 1 ಕೋಟಿ 65 ಲಕ್ಷ. ಅದರಲ್ಲಿ 70 ಲಕ್ಷವನ್ನು ಷೇರು ಫಂಡುಗಳಲ್ಲೇ ಬಿಡುತ್ತೇನೆ ಅಂದಾಗ ಭಾವ ನಕ್ಕರು. "ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು, ಅದನ್ನೂ ಜೂಜಿಗೆ ಇಡ್ತೀಯಲ್ಲೋ" ಅಂದರು. ಬ್ಯಾಂಕಿನ ಮ್ಯಾನೇಜರು ಪೂರ್ತಿ ದುಡ್ಡನ್ನು ಆನ್ಯುಟಿಗೆ (ಒಂದೇ ಸಲ ಕಟ್ಟಿ ಸಾಯುವವರೆಗೂ ಪಿಂಚಣಿಯಂತೆ ಪಡೆಯುವ ಯೋಜನೆ) ಹಾಕಿಸಲು ಮೂರು ತಿಂಗಳು ಬೆನ್ನು ಬಿದ್ದಿದ್ದರು. ಜೀವನಪೂರ್ತಿ ಆರು, ಆರೂವರೆ ಪರ್ಸೆಂಟು, ಒಂದು ಪೈಸೆ ಏರುವುದಿಲ್ಲ, ಮೇಲೆ ತೆರಿಗೆ. ಬೇಡ ಅಂದೆ.

ಅಲ್ಲಿಂದ ಇಲ್ಲಿಯವರೆಗೆ ಮನೆ ನಡೆದು, ಮಗಳ ಮದುವೆಯೂ ಆಗಿ, ಗಂಟು ಈಗ 2 ಕೋಟಿ 20 ಲಕ್ಷ ದಾಟಿದೆ. ಭಾವ ಹೋದ ವರ್ಷ ತಮ್ಮ ಸ್ಟೇಟ್‌ಮೆಂಟುಗಳನ್ನೆಲ್ಲ ಕಳಿಸಿ "ನಿನ್ನ ಥರಾನೇ ಒಂದು ಹಾಕಿಕೊಡು" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಮೂರು ಬಕೆಟ್ಟಿನ ಲೆಕ್ಕ: ಹತ್ತಿರದ ಖರ್ಚಿನ ದುಡ್ಡು ಒಂದರಲ್ಲಿ, ಸುರಕ್ಷಿತ ಉಳಿತಾಯ ಎರಡನೆಯದರಲ್ಲಿ, ದೂರದ ವರ್ಷಗಳಿಗೆ ಷೇರು ಮೂರನೆಯದರಲ್ಲಿ. ಅದಕ್ಕೆ ಬರುವ ಮೊದಲು ಹಾಳಾದ ದಾರಿಗಳನ್ನು ಹೇಳುತ್ತೇನೆ. ನಿವೃತ್ತಿಗೆ ಒಂದೆರಡು ವರ್ಷ ಮೊದಲೇ ತಾಲೀಮು ಶುರು ಮಾಡಿದ್ದೆ. ಆಗ ಬ್ಯಾಲೆನ್ಸ್ಡ್ ಫಂಡಿನ (ಷೇರು, ಸಾಲಪತ್ರ ಎರಡೂ ಇರುವ ಫಂಡು) ಮಾಸಿಕ ಡಿವಿಡೆಂಡ್ ಅಂದರೆ ಏಜೆಂಟರಿಗೆ ಹಬ್ಬ. ತಿಂಗಳಿಗೆ ಹತ್ತಿರ ಹತ್ತಿರ ಒಂದು ಪರ್ಸೆಂಟು, ತೆರಿಗೆಯೂ ಇಲ್ಲ. 10 ಲಕ್ಷ ಹಾಕಿ ನೋಡಿದೆ. 2018ರ ಏಪ್ರಿಲ್‌ನಿಂದ ಇಂಥ ಈಕ್ವಿಟಿ (ಷೇರು) ಫಂಡಿನ ಡಿವಿಡೆಂಡಿಗೂ 10% ವಿತರಣಾ ತೆರಿಗೆ ಬಂತು. ಮಾರುಕಟ್ಟೆ ಮಂಕಾದ ಹಾಗೆ ಡಿವಿಡೆಂಡೂ ಇಳಿಯಿತು. ಎನ್‌ಎವಿ (ಒಂದು ಯೂನಿಟ್ಟಿನ ಬೆಲೆ) ನೋಡಿದರೆ ನನ್ನ ಅಸಲೇ ನನಗೆ ಕಂತಿನಲ್ಲಿ ವಾಪಸು ಬರುತ್ತಿತ್ತು.

ಇನ್ನೊಂದು, ಮಿಡ್‌ಕ್ಯಾಪ್ (ಮಧ್ಯಮ ಗಾತ್ರದ ಕಂಪನಿಗಳ) ಫಂಡಿನಿಂದ ನೇರವಾಗಿ ಎಸ್‌ಡಬ್ಲ್ಯೂಪಿ, ಅಂದರೆ ತಿಂಗಳು ತಿಂಗಳೂ ಇಷ್ಟು ಅಂತ ಯೂನಿಟ್ ಮಾರಿ ದುಡ್ಡು ತೆಗೆಯುವುದು. 2018ರಲ್ಲಿ ಮಿಡ್‌ಕ್ಯಾಪ್ ಬಿದ್ದಾಗ ಅದೇ 15 ಸಾವಿರಕ್ಕೆ ತಿಂಗಳು ತಿಂಗಳೂ ಹೆಚ್ಚು ಹೆಚ್ಚು ಯೂನಿಟ್ ಹೋಗುತ್ತಿದ್ದವು. ಬೆಲೆ ಆಮೇಲೆ ಏರಬಹುದು, ಹೋದ ಯೂನಿಟ್ ಬರುವುದಿಲ್ಲ. ಆರೇ ತಿಂಗಳಿಗೆ ನಿಲ್ಲಿಸಿದೆ.

ಕೊನೆಗೆ ನಿಂತದ್ದು ಹೀಗೆ. ಒಂದನೇ ಬಕೆಟ್: ಎರಡು ವರ್ಷದ ಖರ್ಚು, ಆಗಿನ ಲೆಕ್ಕಕ್ಕೆ 13 ಲಕ್ಷ, ಉಳಿತಾಯ ಖಾತೆ ಮತ್ತು ಚಿಕ್ಕ ಚಿಕ್ಕ ಎಫ್‌ಡಿಗಳಲ್ಲಿ. ಪ್ರತಿ ತಿಂಗಳ ಒಂದನೇ ತಾರೀಕು ಅಲ್ಲಿಂದ ಮನೆ ಖಾತೆಗೆ "ಸಂಬಳ". ಎರಡನೆಯದರಲ್ಲಿ ಸೀನಿಯರ್ ಸಿಟಿಜನ್ ಸ್ಕೀಮು (ಸರ್ಕಾರದ ಹಿರಿಯರ ಉಳಿತಾಯ ಯೋಜನೆ, ಸ್ವಯಂ ನಿವೃತ್ತಿಯಾದ್ದರಿಂದ ಅರವತ್ತಕ್ಕೆ ಮೊದಲೇ ಸಿಕ್ಕಿತು) 15 ಲಕ್ಷ, ಹದಿನೈದು ವರ್ಷ ಮುಗಿದ ಪಿಪಿಎಫ್ (ಸರ್ಕಾರದ ಭವಿಷ್ಯ ನಿಧಿ ಖಾತೆ), ಉಳಿದದ್ದು ಸಪ್ಪೆ ಡೆಟ್ ಫಂಡು (ಸಾಲಪತ್ರಗಳಲ್ಲಿ ಹಾಕುವ ಫಂಡು). ಮೂರನೆಯದರಲ್ಲಿ ಇಂಡೆಕ್ಸ್ ಫಂಡು (ಷೇರು ಸೂಚ್ಯಂಕವನ್ನೇ ಹಿಂಬಾಲಿಸುವ ಫಂಡು).

ಬಕೆಟ್ ಮಾಡುವುದು ಸುಲಭ, ತುಂಬಿಸುವುದರಲ್ಲೇ ಎಲ್ಲರೂ ಎಡವುತ್ತಾರೆ. ನನ್ನ ನಿಯಮ: ವರ್ಷಕ್ಕೊಮ್ಮೆ, ಜನವರಿಯಲ್ಲಿ ನೋಡುವುದು. ನಿಫ್ಟಿ (ಷೇರು ಮಾರುಕಟ್ಟೆಯ ಸೂಚ್ಯಂಕ) ಹಿಂದಿನ ಗರಿಷ್ಠದಿಂದ 10%ಗಿಂತ ಹೆಚ್ಚು ಇಳಿಯದಿದ್ದರೆ ಷೇರು ಫಂಡು ಮಾರಿ ಒಂದನೇ ಬಕೆಟ್ ತುಂಬಬೇಕು. ಅದಕ್ಕಿಂತ ಕೆಳಗಿದ್ದರೆ ಷೇರು ಮುಟ್ಟಕೂಡದು, ಎರಡನೆಯದರಿಂದಲೇ ತೆಗೆಯಬೇಕು. ಜನವರಿಯಲ್ಲಿ ಯಾವ ವಾರ, ಎಷ್ಟು ತುಂಡು ಮಾಡಿ ಮಾರುತ್ತೇನೆ ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕವಿದೆ. ಅದು ನನ್ನ ಹತ್ತಿರವೇ ಇರಲಿ.

2020ರ ಮಾರ್ಚಿನಲ್ಲಿ ಇದರ ನಿಜವಾದ ಪರೀಕ್ಷೆ ಆಯಿತು. ಜನವರಿಯಲ್ಲಿ 12 ಸಾವಿರದ ಮೇಲಿದ್ದ ನಿಫ್ಟಿ ಮಾರ್ಚ್ 23ಕ್ಕೆ 7,600ರ ಹತ್ತಿರ ಬಂತು. 75 ಲಕ್ಷ ತೋರಿಸುತ್ತಿದ್ದ ಪರದೆ 46, 47 ಲಕ್ಷ ತೋರಿಸಿತು. ದಿನಾ ಸಂಜೆ ಭಾವನ ಫೋನು. ಆದರೆ ಏಪ್ರಿಲ್ ಒಂದಕ್ಕೆ ಸಂಬಳ ಬಂತು, ಮೇ ಒಂದಕ್ಕೂ ಬಂತು. ಪಿಪಿಎಫ್‌ನಿಂದ ಆ ವರ್ಷದ ಒಂದು ಹಿಂತೆಗೆತ ಮಾಡಿ ಬಕೆಟ್ ತುಂಬಿದೆ. ವಂತಿಗೆ ಕಟ್ಟದೆ ಮುಂದುವರಿಸಿದ ಪಿಪಿಎಫ್‌ನಲ್ಲಿ ವರ್ಷಕ್ಕೆ ಒಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು, ಬಡ್ಡಿಗೆ ತೆರಿಗೆಯಿಲ್ಲ, ಉಳಿದದ್ದು ದುಡಿಯುತ್ತಲೇ ಇರುತ್ತದೆ. ಇಂಥ ಖಾತೆಯನ್ನು ಹದಿನೈದು ವರ್ಷ ಆಯಿತೆಂದು ಮುಚ್ಚಿ ಎಫ್‌ಡಿ ಮಾಡುವವರನ್ನು ಕಂಡರೆ ನನಗೆ ಸಂಕಟ. ನವೆಂಬರಿಗೆ ನಿಫ್ಟಿ ಹಳೆಯ ಎತ್ತರ ದಾಟಿತು. ಮುಂದಿನ ಜನವರಿಯಲ್ಲಿ ಷೇರು ಮಾರಿ ಎಲ್ಲ ಸರಿದೂಗಿಸಿದೆ. 2025ರ ಜನವರಿಯಲ್ಲಿ ನಿಫ್ಟಿ ಸರಿಯಾಗಿ ಗೆರೆಯ ಮೇಲೇ ನಿಂತಿತ್ತು, ಮಾರಲಿಲ್ಲ.

ಸೀನಿಯರ್ ಸಿಟಿಜನ್ ಸ್ಕೀಮು ಆ ಕಾಲದಲ್ಲಿ ನನ್ನನ್ನು ಎತ್ತಿ ಹಿಡಿಯಿತು. 2018ರ ಕೊನೆಗೆ 8.7%ಗೆ ಕಟ್ಟಿದ್ದು ಐದು ವರ್ಷ ಹಾಗೇ ನಿಂತಿತು. ಹೊಸದಾಗಿ ಕಟ್ಟುವವರಿಗೆ 2020ರ ಏಪ್ರಿಲ್‌ನಿಂದ 7.4%, ಬ್ಯಾಂಕ್ ಎಫ್‌ಡಿ ಐದೂವರೆಗೆ ಇಳಿದಿತ್ತು. 2023ರಲ್ಲಿ ಮಿತಿ 15ರಿಂದ 30 ಲಕ್ಷಕ್ಕೆ ಏರಿದ್ದು ನಮ್ಮ ಅದೃಷ್ಟ. ಹಳೆಯದು ಮುಗಿದ ಕೂಡಲೇ 8.2%ಗೆ ಹೊಸದು ತೆರೆದೆ. ಮರುವರ್ಷ ಹೆಂಡತಿಗೂ ಅರವತ್ತು ತುಂಬಿತು, ಅವಳ ಹೆಸರಿನಲ್ಲಿ ಇನ್ನೊಂದು. ಡೆಟ್ ಫಂಡಿನಲ್ಲಿ ಮಾತ್ರ ಆಸೆಪಡಬೇಡಿ. ಒಂದೂವರೆ ಪರ್ಸೆಂಟು ಹೆಚ್ಚು ಕೊಡುತ್ತೆ ಅಂತ ಹಾಕಿದವರು 2020ರ ಏಪ್ರಿಲ್‌ನಲ್ಲಿ ಒಂದು ಫಂಡ್ ಹೌಸು ಆರು ಸ್ಕೀಮು ಮುಚ್ಚಿದಾಗ ದುಡ್ಡಿಗೆ ತಿಂಗಳುಗಟ್ಟಲೆ ಕಾದರು.

ಫಂಡುಗಳಲ್ಲಿ ರೆಗ್ಯುಲರ್‌ನಿಂದ (ಏಜೆಂಟರ ಕಮಿಷನ್ ಸೇರಿದ್ದು) ಡೈರೆಕ್ಟ್ ಪ್ಲಾನಿಗೆ (ಕಮಿಷನ್ ಇಲ್ಲದ್ದು) ಹೋದದ್ದು ಇನ್ನೊಂದು ಉಳಿತಾಯ. ಒಂದೇ ಏಟಿಗೆ ಬದಲಾಯಿಸಿದರೆ ಅದು ಮಾರಾಟವೇ, ತೆರಿಗೆ ಬೀಳುತ್ತದೆ. ವರ್ಷಕ್ಕೆ 1 ಲಕ್ಷದ ಲಾಭಕ್ಕೆ ವಿನಾಯಿತಿ ಇತ್ತು (2024ರ ಜುಲೈನಲ್ಲಿ 1.25 ಲಕ್ಷ ಆಯಿತು, ದರವೂ 12.5% ಆಯಿತು), ಅದರೊಳಗೆ ಚೂರು ಚೂರಾಗಿ ಸಾಗಿಸಿದೆ. ಕಮಿಷನ್ ವರ್ಷಕ್ಕೆ 50 ಸಾವಿರವಾದರೂ ಉಳಿಯಿತು. ಏಜೆಂಟ್ ಮಾತು ಬಿಟ್ಟ.

ಖರ್ಚಿನ ಕಡೆ ಎಲ್ಲರೂ ತಿಂಗಳ ಲೆಕ್ಕ ಬರೆಯುತ್ತಾರೆ. ಗಂಟನ್ನು ಕಚ್ಚುವುದು ಅದಲ್ಲ. ನಾನು ಒಂದು "ಸವಕಳಿ" ಕಾಲಮ್ಮು ಹಾಕಿದೆ: ಕಾರು 7 ಲಕ್ಷ, ಹತ್ತು ವರ್ಷ, ಫ್ರಿಜ್ಜು 40 ಸಾವಿರ, ಹನ್ನೆರಡು, ಇಬ್ಬರ ಫೋನು 40 ಸಾವಿರ, ನಾಲ್ಕು, ಮನೆಗೆ ಬಣ್ಣ ಒಂದು ಲಕ್ಷ ಚಿಲ್ಲರೆ, ಆರು ವರ್ಷ. ಒಂದೊಂದನ್ನೂ ಅದರ ವರ್ಷಗಳಿಂದ ಭಾಗಿಸಿ, ಒಟ್ಟು ಮಾಡಿ ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಹತ್ತಿರ ಹತ್ತಿರ ಎಂಟೂವರೆ ಸಾವಿರ. ಅಷ್ಟೂ ತಿಂಗಳು ತಿಂಗಳೂ ಬೇರೆ ಖಾತೆಗೆ ಹೋಗುತ್ತದೆ. ಕಾರು ಮಾರಿ ಟ್ಯಾಕ್ಸಿ ಹಿಡಿದೂ ನೋಡಿದೆ, ಒಂದು ವರ್ಷ. ದುಡ್ಡು ಉಳಿಯಿತು, ಮನೆಯಲ್ಲಿ ಶಾಂತಿ ಉಳಿಯಲಿಲ್ಲ. ಸೆಕೆಂಡ್‌ಹ್ಯಾಂಡ್ ಒಂದು ಬಂತು. ಎಕ್ಸ್‌ಟೆಂಡೆಡ್ ವಾರಂಟಿ ಯಾವುದಕ್ಕೂ ತಗೊಂಡಿಲ್ಲ. ಫೋನಿಗೆ ಬ್ಯಾಟರಿ ಬದಲಾಯಿಸಿದರೆ ಎರಡು ವರ್ಷ ಜಾಸ್ತಿ ಬರುತ್ತದೆ.

ನನ್ನ ಲೆಕ್ಕವನ್ನು ಮೀರಿ ಓಡಿದ್ದು ಆರೋಗ್ಯ ವಿಮೆ ಒಂದೇ. ಇಬ್ಬರಿಗೂ ಸೇರಿ 28 ಸಾವಿರ ಇದ್ದ ಪ್ರೀಮಿಯಮ್ಮು 60 ದಾಟಿತು. ಮೂಲ ಪಾಲಿಸಿ 5 ಲಕ್ಷಕ್ಕೇ ಇಟ್ಟು ಮೇಲೆ ಸೂಪರ್ ಟಾಪ್‌ಅಪ್ (ಅದನ್ನು ಮೀರಿದ ಖರ್ಚಿಗೆ ಬರುವ ಹೆಚ್ಚುವರಿ ವಿಮೆ) ಹಾಕಿಕೊಂಡೆ. 2025ರ ಸೆಪ್ಟೆಂಬರಿನಲ್ಲಿ 18% ಜಿಎಸ್‌ಟಿ ಹೋದದ್ದರಿಂದ ತುಸು ಉಸಿರು ಬಿಟ್ಟೆವು.

ನಡುವೆ ಚಿನ್ನದ ಹುಚ್ಚೂ ಹಿಡಿದಿತ್ತು. 2015ರ ನವೆಂಬರಿನ ಮೊದಲ ಕಂತಿನ ಸಾವರಿನ್ ಬಾಂಡು (ಸರ್ಕಾರದ ಚಿನ್ನದ ಬಾಂಡು), ಗ್ರಾಮಿಗೆ 2,684ರಂತೆ ಒಂದಿಷ್ಟು ತಗೊಂಡಿದ್ದೆ. 2023ರಲ್ಲಿ 6,132ರಂತೆ ವಾಪಸು ಬಂತು, ನಡುವೆ ಎರಡೂಮುಕ್ಕಾಲು ಪರ್ಸೆಂಟು ಬಡ್ಡಿ ಬೇರೆ. ಇನ್ನೂ ಹಾಕಬೇಕಿತ್ತು ಅಂತ ಈಗ ಎಲ್ಲರೂ ಅನ್ನುತ್ತಾರೆ. ಆಗ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಈಗ ಉಳಿದಿರುವ ಕೆಲಸ ಇದನ್ನೆಲ್ಲ ಹೆಂಡತಿಗೆ ಒಪ್ಪಿಸುವುದು. ನಾಮಿನಿ, ಪಾಸ್‌ಬುಕ್ಕು, ಫೋಲಿಯೊ ನಂಬರು ಎಲ್ಲ ಒಂದೇ ಹಾಳೆಯಲ್ಲಿದೆ. ಕಳೆದ ಸಲದ ಜನವರಿ ಲೆಕ್ಕ ಅವಳ ಕೈಯಲ್ಲೇ ಮಾಡಿಸಿದೆ. ನಾನು ಹೇಳಿದ್ದಕ್ಕಿಂತ 60 ಸಾವಿರ ಕಮ್ಮಿ ಮಾರಿದ್ದಳು. ಯಾಕೆ ಅಂದರೆ, "ಆ ಸವಕಳಿ ಖಾತೇಲಿ ಅಷ್ಟೊಂದು ದುಡ್ಡು ಸುಮ್ಮನೆ ಕೂತಿದೆಯಲ್ರೀ, ಮೊದಲು ಅದನ್ನ ತೆಗೀರಿ" ಅಂದಳು.