ಫಾರ್ಮ್ಯಾಟ್ ಆದ ಕಂಪ್ಯೂಟರಿಗೆ ಹಳೆಯ ಫೋಟೊಗಳನ್ನು ತಂದುಕೊಳ್ಳುವುದು ಹೇಗೆ?

ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೊನೆಗೊಳಿಸಿತು. ಆ ಬಳಿಕ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಸಿ ಹೊಸ ವಿಂಡೋಸ್ ಹಾಕಿಸಿದವರಲ್ಲಿ ತುಮಕೂರಿನ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೂ ಒಬ್ಬರು. ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಅವರು ತೆಗೆದ ಹಳ್ಳಿಕಾರ್ ಜೋಡಿಗಳ ಫೋಟೊಗಳೆಲ್ಲ ಮೈಕ್ರೊಸಾಫ್ಟ್‌ನ ಕ್ಲೌಡ್ (ಇಂಟರ್ನೆಟ್) ಸಂಗ್ರಹವಾದ ಒನ್‌ಡ್ರೈವ್‌ನಲ್ಲಿದ್ದವು. ರಿಪೇರಿ ಅಂಗಡಿಯವರು ಹಾರ್ಡ್‌ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರಿಗೆ ಜೋಡಿಸಿ, ‘ಎಲ್ಲ ಕಾಪಿ ಮಾಡಿದೀವಿ ಸಾರ್’ ಎಂದು ಪೆನ್‌ಡ್ರೈವ್ ಕೊಟ್ಟಿದ್ದರು. ಮನೆಗೆ ಬಂದು ನೋಡಿದರೆ ಅರ್ಧಕ್ಕರ್ಧ ಫೋಟೊಗಳು ಅದರಲ್ಲಿ ಇರಲಿಲ್ಲ.

ಜಾಗ ಉಳಿಸಲು ಒನ್‌ಡ್ರೈವ್ ಅನೇಕ ಫೋಟೊಗಳ ಹೆಸರನ್ನಷ್ಟೇ ಕಂಪ್ಯೂಟರಿನಲ್ಲಿಟ್ಟು, ಅಸಲಿ ಫೈಲನ್ನು ಕ್ಲೌಡ್‌ನಲ್ಲಿಯೇ ಇರಿಸುತ್ತದೆ. ಫೈಲಿನ ಪ್ರಾಪರ್ಟೀಸ್ ತೆರೆದರೆ ‘ಸೈಜ್’ ಎಂಬಲ್ಲಿ ನಾಲ್ಕು ಎಂಬಿ ಎಂದಿದ್ದು, ‘ಸೈಜ್ ಆನ್ ಡಿಸ್ಕ್’ ಎಂಬಲ್ಲಿ ಸೊನ್ನೆ ಇರುತ್ತದೆ. ಇಂಥ ಫೈಲನ್ನು ಒನ್‌ಡ್ರೈವ್ ಓಡದಿರುವ ಕಂಪ್ಯೂಟರಿನಿಂದ ಕಾಪಿ ಮಾಡಲಾಗುವುದಿಲ್ಲ.

ಆದ್ದರಿಂದ ಹೊಸ ವಿಂಡೋಸ್ ಬಂದ ಕೂಡಲೇ ಯಾವುದನ್ನೂ ಮುಟ್ಟದೆ, ಮೊದಲು ಬ್ರೌಸರಿನಲ್ಲಿ ಒನ್‌ಡ್ರೈವ್ ತಾಣಕ್ಕೆ ಹೋಗಿ ಫೋಟೊಗಳು ಅಲ್ಲಿರುವುದನ್ನು ಖಚಿತಪಡಿಸಿಕೊಳ್ಳಿ. ಕಾಣದಿದ್ದರೆ ಗಾಬರಿಯಾಗುವ ಮುನ್ನ ಇಮೇಲ್ ವಿಳಾಸವನ್ನು ನೋಡಿ. ಅಂಗಡಿಯಲ್ಲಿ ಹೊಸ ಖಾತೆ ತೆರೆದುಕೊಟ್ಟಿರಬಹುದು. ನಂತರ ಕಂಪ್ಯೂಟರಿನ ಒನ್‌ಡ್ರೈವ್‌ಗೂ ಅದೇ ಹಳೆಯ ಖಾತೆಯಿಂದಲೇ ಲಾಗಿನ್ ಆಗಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಒನ್‌ಡ್ರೈವ್ ಫೋಲ್ಡರಿಗೆ ಸುರಿಯಬೇಡಿ. ಒಂದೇ ಹೆಸರಿನ ಎರಡು ಫೈಲುಗಳ ನಡುವೆ ವ್ಯತ್ಯಾಸ ಕಂಡರೆ ಒನ್‌ಡ್ರೈವ್ ಎರಡನ್ನೂ ಉಳಿಸಿಕೊಂಡು, ಒಂದರ ಹೆಸರಿನ ಕೊನೆಗೆ ಕಂಪ್ಯೂಟರಿನ ಹೆಸರನ್ನು ಅಂಟಿಸಬಹುದು. ಉಚಿತ ಖಾತೆಗೆ ಸಿಗುವುದೇ 5 ಜಿಬಿ. ನಕಲುಗಳಿಂದಲೇ ಅದು ತುಂಬಿಹೋದೀತು. ಪೆನ್‌ಡ್ರೈವ್‌ನ ಸರಕು ಸದ್ಯಕ್ಕೆ ಬೇರೆ ಫೋಲ್ಡರಿನಲ್ಲಿರಲಿ.

ಸಿಂಕ್ (ಕಂಪ್ಯೂಟರಿನ ಮತ್ತು ಕ್ಲೌಡ್‌ನ ಫೈಲುಗಳನ್ನು ಒಂದೇ ರೀತಿ ಇರಿಸುವ ಕೆಲಸ) ಮುಗಿದ ಮೇಲೆ ಫೈಲಿನ ಪಕ್ಕದ ಗುರುತುಗಳನ್ನು ಓದಿಕೊಳ್ಳಿ. ನೀಲಿ ಮೋಡವಿದ್ದರೆ ಫೋಟೊ ಕ್ಲೌಡ್‌ನಲ್ಲಿ ಮಾತ್ರ ಇದೆ. ತುಂಬಿದ ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಅದು ಕಾಯಂ ಆಗಿ ಕಂಪ್ಯೂಟರಿನಲ್ಲೂ ಇರುತ್ತದೆ. ಜಾಗ ಸಾಲದೆಂದು ಡಿಲೀಟ್ ಒತ್ತಿದರೆ ಫೋಟೊ ಕ್ಲೌಡ್‌ನಿಂದಲೂ ಅಳಿಯುತ್ತದೆ. ಹಾಗಾದಲ್ಲಿ ತಾಣದ ರೀಸೈಕಲ್ ಬಿನ್‌ನಲ್ಲಿ ಹುಡುಕಬಹುದು, ವೈಯಕ್ತಿಕ ಖಾತೆಯಲ್ಲಿ ಅದಕ್ಕಿರುವ ಅವಧಿ 30 ದಿನ. ಜಾಗವಷ್ಟೇ ಬೇಕಿದ್ದರೆ ಬಲ ಕ್ಲಿಕ್ ಮಾಡಿ ‘ಫ್ರೀ ಅಪ್ ಸ್ಪೇಸ್’ ಆರಿಸುವುದು ಸರಿಯಾದ ಕ್ರಮ.

ಸಿಂಕ್ ಎಂದರೆ ಬ್ಯಾಕಪ್ ಅಲ್ಲವಾದ್ದರಿಂದ ಇನ್ನೊಂದು ಪ್ರತಿಯನ್ನು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿಡಬೇಕೆಂಬುದು ನನ್ನ ಹಟ. ಅದಕ್ಕಾಗಿ ಫೋಲ್ಡರಿನ ಮೇಲೆ ಬಲ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಆರಿಸಿ, ಮೋಡಗಳೆಲ್ಲ ಹಸಿರಾಗುವವರೆಗೆ ಕಾದು, ನಂತರ ಕಾಪಿ ಮಾಡಿ. ಮೇಷ್ಟ್ರ ಮನೆಯಲ್ಲಿ ಇದಕ್ಕೆ ಒಂದು ರಾತ್ರಿಯಿಡೀ ಹಿಡಿಯಿತು. ಬೆಳಿಗ್ಗೆ ಹಾರ್ಡ್‌ಡಿಸ್ಕನ್ನು ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ, ಇಂಟರ್ನೆಟ್ ಆಫ್ ಮಾಡಿ, ನಾಲ್ಕಾರು ಫೋಟೊ ತೆರೆದು ನೋಡಿದ ಮೇಲೆಯೇ ಅವರು ಹಳೆಯ ಪೆನ್‌ಡ್ರೈವನ್ನು ಖಾಲಿ ಮಾಡಿದ್ದು.